ವೆದರ್ ರೇಡಿಯೋ: ಸೇಮ್ (SAME) ಹೆಡರ್ ಅರ್ಧಂಬರ್ಧ ಡೀಕೋಡ್ ಆಗ್ತಿದೆ

ಪ್ರಶ್ನೆ:
ಜಾಗ ಸ್ಯಾನ್ ಹೋಸೆ, ಅಮೆರಿಕ ಸರ್ಕಾರದ ಹವಾಮಾನ ಪ್ರಸಾರ ನೋವಾ ವೆದರ್ ರೇಡಿಯೋ 162.550 ಮೆಗಾಹರ್ಟ್ಸ್. ಕಂಪ್ಯೂಟರ್‌ಗೆ ಚುಚ್ಚುವ ರೇಡಿಯೋ ರಿಸೀವರ್ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಕೇಳೋಕೆ ಎಸ್‌ಡಿಆರ್‌ಶಾರ್ಪ್ ತಂತ್ರಾಂಶ, ಅಲ್ಲಿಂದ ವರ್ಚುವಲ್ ಕೇಬಲ್ (ಒಂದು ತಂತ್ರಾಂಶದ ಆಡಿಯೋವನ್ನು ಇನ್ನೊಂದಕ್ಕೆ ದಾಟಿಸುವ ತಂತ್ರಾಂಶ) ಮೂಲಕ ಡೀಕೋಡರ್ ಮಲ್ಟಿಮಾನ್-ಎನ್‌ಜಿ. ಮಾತು ಚೆನ್ನಾಗಿ ಕೇಳುತ್ತೆ. ಬುಧವಾರದ ಎಚ್ಚರಿಕೆ ಟೆಸ್ಟ್ ಬಂದಾಗ ಮಾತ್ರ ಸೇಮ್ ಹೆಡರ್‌ನ (ಎಚ್ಚರಿಕೆ ಯಾವುದು, ಎಲ್ಲಿಗೆ, ಯಾವಾಗ ಅಂತ ಸದ್ದಿನ ರೂಪದಲ್ಲಿ ಹೇಳುವ ಸಂಕೇತ) ಮೊದಲ ಅಕ್ಷರಗಳೇ ಇರಲ್ಲ. ನಮ್ಮ ಸಾಂಟಾ ಕ್ಲಾರಾ ಕೌಂಟಿಯ ಸ್ಥಳ ಸಂಖ್ಯೆ 006085 ಬರಬೇಕಾದ ಕಡೆ ಬೇರೆ ಅಂಕಿ. ಆಂಟೆನಾ ದೋಷವೇ?

ಉತ್ತರ 1:
ಮಾತು ಚೆನ್ನಾಗಿದ್ದರೆ ಆಂಟೆನಾ ಆಮೇಲೆ ನೋಡಿ. ಮೊದಲು ನಾಯ್ಸ್ ರಿಡಕ್ಷನ್ (ಗದ್ದಲ ತಗ್ಗಿಸೋದು), ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚೋದು), ಆಡಿಯೋ ಫಿಲ್ಟರ್ ಮೂರನ್ನೂ ಆಫ್ ಮಾಡಿ. ಹೆಡರ್‌ಗೆ ಮುಂಚೆ ಡೀಕೋಡರನ್ನು ಹೊಂದಿಸೋಕೆ ಬರುವ ಪ್ರಿಆಂಬಲ್ ಇರೋದೇ ಕಾಲು ಸೆಕೆಂಡ್; ಅದನ್ನು ಗದ್ದಲ ಅಂದುಕೊಂಡು ಫಿಲ್ಟರ್ ನುಂಗಿದರೆ ಡೀಕೋಡರ್‌ಗೆ ಬೈಟ್ ಎಲ್ಲಿ ಶುರುವಾಗುತ್ತೆ ಅಂತಲೇ ಗೊತ್ತಾಗಲ್ಲ. ಎನ್‌ಎಫ್‌ಎಂ (ಕಿರಿದಾದ ಎಫ್‌ಎಂ) ಬ್ಯಾಂಡ್‌ವಿಡ್ತ್ 8 ಕಿಲೋಹರ್ಟ್ಸ್ ಇದ್ದರೆ 16ಕ್ಕೆ ಏರಿಸಿ, ಸಿಗ್ನಲ್ ಅತ್ತಿತ್ತ ಸರಿಯುವ ಡೀವಿಯೇಷನ್ನೇ 5 ಕಿಲೋಹರ್ಟ್ಸ್ ಇದೆ.

ಪಿಪಿಎಂ (ಡಾಂಗಲ್‌ನ ಆವರ್ತನ ಹತ್ತು ಲಕ್ಷಕ್ಕೆ ಎಷ್ಟು ಭಾಗ ತಪ್ಪಿದೆ ಅನ್ನೋದು) ಕೂಡ ಸರಿಮಾಡಿ. ಅಗ್ಗದ ಡಾಂಗಲ್ 30 ಪಿಪಿಎಂ ತಪ್ಪಿದರೆ ಇಲ್ಲಿ ಸುಮಾರು 4.9 ಕಿಲೋಹರ್ಟ್ಸ್ ಪಕ್ಕಕ್ಕೆ ಸರಿದಂತೆ. ಕಿವಿಗೆ ಅದು ಗೊತ್ತಾಗದಿರಬಹುದು, ಡೇಟಾ ಕೆಡುತ್ತೆ.

ಉತ್ತರ 2:
ವರ್ಚುವಲ್ ಕೇಬಲ್ಲನ್ನೇ ಕೈಬಿಡೋದು ವಾಸಿ. ಡಾಂಗಲ್‌ನ ಕಮಾಂಡ್ ತಂತ್ರಾಂಶ ಆರ್‌ಟಿಎಲ್-ಎಫ್‌ಎಂನಿಂದ ಸೆಕೆಂಡಿಗೆ 22050 ಸ್ಯಾಂಪಲ್ ದರದಲ್ಲಿ ಮಲ್ಟಿಮಾನ್-ಎನ್‌ಜಿಗೆ ನೇರ ಪೈಪ್ ಕೊಡಿ. ಆ ದರದಲ್ಲಿ ಒಂದು ಬಿಟ್‌ಗೆ ಸಿಗೋದು 42 ಚಿಲ್ಲರೆ ಸ್ಯಾಂಪಲ್. ಕೇಬಲ್ ಬಫರ್ ಒಮ್ಮೆ ಎಡವಿದರೆ ಎಷ್ಟೋ ಬಿಟ್ ಮಾಯ. ಹೆಡರ್‌ನಲ್ಲಿ ಚೆಕ್‌ಸಮ್ (ತಪ್ಪು ಹಿಡಿಯುವ ಅಂಕಿ) ಇಲ್ಲದ ಕಾರಣ ತಪ್ಪು ಅಂಕಿಯೂ ಸರಿಯಾದದ್ದರಂತೆಯೇ ಕಾಣುತ್ತೆ. ಅದಕ್ಕೇ ಹೆಡರನ್ನು ಮೂರು ಸಲ ಕಳಿಸ್ತಾರೆ. ಎರಡು ಹೊಂದಿದರೆ ಮಾತ್ರ ನಂಬಿ.

ರೆಕಾರ್ಡಿಂಗನ್ನು ಆಡಿಯೋ ತಂತ್ರಾಂಶ ಆಡಾಸಿಟಿಯಲ್ಲಿ ಹಿಗ್ಗಿಸಿ ನೋಡಿ, ಕಣ್ಣಿಗೇ ಓದಬಹುದು. 1.92 ಮಿಲಿಸೆಕೆಂಡ್‌ನಲ್ಲಿ ನಾಲ್ಕು ಅಲೆ ಇದ್ದರೆ 1, ಮೂರಿದ್ದರೆ 0. ಪ್ರಿಆಂಬಲ್ ಅಂದರೆ 10101011 ಎಂಬ ಬೈಟ್ 16 ಸಲ. ಕಿರಿಯ ಬಿಟ್ ಮೊದಲು ಬರೋದರಿಂದ ಪರದೆ ಮೇಲೆ 11010101 ಅಂತ ಕಾಣಿಸುತ್ತೆ. ಇಷ್ಟು ಅಚ್ಚುಕಟ್ಟಾದ ಸಿಗ್ನಲ್ ನೋಡೋದೇ ಒಂದು ಖುಷಿ.

ಪ್ರಶ್ನೆ ಕೇಳಿದವರು:
ನಾಯ್ಸ್ ರಿಡಕ್ಷನ್ ಆನ್ ಇತ್ತು! ತೆಗೆದ ಮೇಲೆ ಮೂರೂ ಸಲ ಪೂರ್ತಿ ಬಂತು. ಸಮಯದ ಜಾಗದಲ್ಲಿ 1831805 ಇದೆ, ಏನದು? ಈ ಆಡಿಯೋವನ್ನು ನಮ್ಮ ಕನ್ನಡ ಇಂಟರ್ನೆಟ್ ರೇಡಿಯೋದಲ್ಲಿ ಕೇಳಿಸಬಹುದಾ? ಅದನ್ನು ಒಂದು ಎಫ್‌ಎಂ ಸ್ಟೇಷನ್ ಮರುಪ್ರಸಾರ ಮಾಡುತ್ತೆ.

ಉತ್ತರ 3:
ವರ್ಷದ 183ನೇ ದಿನ, ಯುಟಿಸಿ 18:05. ನಿಮ್ಮಲ್ಲಿ ಜುಲೈ 2, ಬೆಳಿಗ್ಗೆ 11:05.

ದಯವಿಟ್ಟು ಪ್ರಸಾರ ಮಾಡಬೇಡಿ. ನಿಜವಾದ ಎಚ್ಚರಿಕೆ ಅಥವಾ ಅಧಿಕೃತ ಟೆಸ್ಟ್ ಹೊರತು ಈ ಸದ್ದನ್ನಾಗಲಿ ಅದರ ಅನುಕರಣೆಯನ್ನಾಗಲಿ ಪ್ರಸಾರ ಮಾಡೋದನ್ನು ಅಮೆರಿಕದ ಪ್ರಸಾರ ನಿಯಂತ್ರಕ ಎಫ್‌ಸಿಸಿ ನಿಷೇಧಿಸಿದೆ. ಹೆಡರ್‌ನಲ್ಲಿ ದಿನ, ಗಂಟೆ ಇದೆ, ವರ್ಷ ಇಲ್ಲ ಅನ್ನೋದನ್ನೂ ಗಮನಿಸಿ. 2011ರ ನವೆಂಬರ್ 9ರ ರಾಷ್ಟ್ರೀಯ ಟೆಸ್ಟ್‌ನ ರೆಕಾರ್ಡಿಂಗ್ 2014ರ ಅಕ್ಟೋಬರ್‌ನಲ್ಲಿ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ಹೋಯಿತು. ಬೇರೆ ಕಡೆಯ ಉಪಕರಣಗಳು ಅದನ್ನು ನಿಜವೆಂದೇ ಮುಂದಕ್ಕೆ ದಾಟಿಸಿದವು. ಪ್ರಸಾರ ಸಂಸ್ಥೆ 10 ಲಕ್ಷ ಡಾಲರ್ ದಂಡ ತೆತ್ತಿತು. ಕೇಳುಗರಿಗೆ ವಿವರಿಸಬೇಕಿದ್ದರೆ ಹೆಡರ್‌ನ ಅಕ್ಷರಗಳನ್ನು ಬಾಯಲ್ಲಿ ಓದಿ ಹೇಳಿ, ಸದ್ದು ಬೇಡ.