ಗೋಮೂತ್ರ, ಲೇತ್ ಟೂಲ್ ಮತ್ತು ಅಜ್ಜನ ವೈಸ್

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಬರುವುದು ಸಾಮಾನ್ಯವಾಗಿ ಸುಪ್ರಭಾತದ ಹೂವು, ಇಲ್ಲವೆ ಮೊಣಕಾಲು ನೋವಿನ ಕಷಾಯ. ಶನಿವಾರ ಗೋಕಾಕದ ದೊಡ್ಡಪ್ಪ ಹಾಕಿದ್ದು ಬೇರೆ ಸರಕು.

"ಸಾದಾ ಕಬ್ಬಿಣದ ಸರಳನ್ನು ಕೆಂಪಗೆ ಕಾಯಿಸಿ ಏಳು ಸಲ ಗೋಮೂತ್ರದಲ್ಲಿ ಅದ್ದಿರಿ. ಲೇತ್ ಟೂಲ್ ಮನೆಯಲ್ಲೇ ಸಿದ್ಧ! ಉಕ್ಕನ್ನು ಬೆಣ್ಣೆಯಂತೆ ಕತ್ತರಿಸುತ್ತದೆ. ವಿದೇಶಿ ಕಂಪನಿಗಳು ಮುಚ್ಚಿಟ್ಟ ನಮ್ಮ ಪೂರ್ವಜರ ಗುಟ್ಟು. ಹತ್ತು ಜನರಿಗೆ ತಲುಪಿಸಿರಿ."

ಕೆಳಗೆ ಅವರದೇ ಒಂದು ಸಾಲು: "ಉದ್ಯಮಬಾಗದಲ್ಲಿ ದುಡ್ಡು ಸುರಿದು ಟೂಲ್ ಕೊಳ್ಳುವವರು ಓದಲಿ." ಉದ್ಯಮಬಾಗ ಬೆಳಗಾವಿಯ ಕೈಗಾರಿಕಾ ಪ್ರದೇಶ; ಲೇತ್ ಎಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ, ಟೂಲ್ ಎಂದರೆ ಅದರ ಕತ್ತರಿಸುವ ಮೊನೆ. ಗುಂಪಿನಲ್ಲಿ ಉದ್ಯಮಬಾಗದವರು ನಾವೊಬ್ಬರೇ. ನನ್ನ ಅಪ್ಪನದು ಎರಡು ಲೇತ್‌ಗಳ ಸಣ್ಣ ಶೆಡ್ಡು. ಅಲ್ಲಿಯ ಲೆಕ್ಕಪತ್ರ ನೋಡುವವಳು ನಾನು. ಬಾಣ ಯಾರ ಕಡೆಗೆ ಎಂದು ಹೇಳಬೇಕಾಗಿಲ್ಲ.

ಮೊದಲು ಎದ್ದವನು ಹುಬ್ಬಳ್ಳಿಯ ಅಣ್ಣ. ಅವನದು ಎಂದಿನ ಒಂದೇ ಪ್ರಶ್ನೆ: "ದೊಡ್ಡಪ್ಪ, ಇದಕ್ಕೆ ಆಧಾರ?"

ದೊಡ್ಡಪ್ಪ: "ತಮ್ಮಾ, ನಿನ್ನ ಮದುವೆಯ ಮುಹೂರ್ತ ನಾನೇ ತೆಗೆಸಿದ್ದು. ಅಂದು ಆಧಾರ ಕೇಳಿದ್ದೆಯಾ?"

ಅಣ್ಣ ಕೇಳಿರಲಿಲ್ಲ. ಆದರೆ ಸುಮ್ಮನಾಗುವ ಜಾಯಮಾನವೂ ಅವನದಲ್ಲ. ಲೇತ್ ಟೂಲಿಗೆ ಬಳಸುವ ಹೈಸ್ಪೀಡ್ ಸ್ಟೀಲನ್ನು ರೂಪಿಸಿದವರು ಅಮೆರಿಕದ ಟೇಲರ್ ಮತ್ತು ವೈಟ್, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಟೂಲಿನ ತುದಿ ಕೆಂಪಗೆ ಕಾದರೂ ಕತ್ತರಿಸುತ್ತಲೇ ಇತ್ತು ಎಂದು ಎಲ್ಲಿಂದಲೋ ತಂದು ಅಂಟಿಸಿದ.

"ಪ್ಯಾರಿಸ್ ಎಂದರೆ ನಂಬುತ್ತೀಯ, ಗೋಕಾಕ ಎಂದರೆ ಆಧಾರ ಕೇಳುತ್ತೀಯ," ಎಂದರು ದೊಡ್ಡಪ್ಪ. ಆಮೇಲೆ ಅವರ ಪ್ರವಚನ ಹರಿಯಿತು. ದಮಾಸ್ಕಸ್ ಕತ್ತಿಗೆ ಉಕ್ಕು ಹೋಗಿದ್ದು ದಕ್ಷಿಣ ಭಾರತದಿಂದ, ಇಂದಿನ ಮಕ್ಕಳಿಗೆ ಹಿರಿಯರೆಂದರೆ ತಾತ್ಸಾರ, ಮೊಬೈಲ್ ಬಂದ ಮೇಲೆ ಮನೆಯಲ್ಲಿ ಮಾತೇ ಇಲ್ಲ. ಕೊನೆಯದನ್ನೂ ಅವರು ಮೊಬೈಲಿನಲ್ಲಿಯೇ ಬರೆದರು. ಕತ್ತಿಯ ಮಾತು ನಿಜ. ಆದರೆ ಆ ಉಕ್ಕು ಹುಟ್ಟುತ್ತಿದ್ದುದು ಮಣ್ಣಿನ ಮೂಸೆಯಲ್ಲಿ. ಕಬ್ಬಿಣದ ಜೊತೆ ಕಟ್ಟಿಗೆಯ ಚೂರು, ಎಲೆ ತುಂಬಿ ಬಾಯಿ ಮೆತ್ತಿ ಕಾಯಿಸುತ್ತಿದ್ದರು. ಇಂಗಾಲ ಕಬ್ಬಿಣದೊಳಗೆ ಸೇರುತ್ತಿದ್ದುದು ಅಲ್ಲಿಯೇ. ಅದರಲ್ಲಿ ಹಸುವಿನ ಪಾತ್ರವೇನೂ ಇರಲಿಲ್ಲ.

ಅಷ್ಟರಲ್ಲಿ ಪುಣೆಯ ತಮ್ಮ ಬಂದ. ಅವನು ಮೇಲಿನ ಯಾವುದನ್ನೂ ಓದುವುದಿಲ್ಲ, ಒಂದು ಪದ ಸಿಕ್ಕರೆ ಸಾಕು. ಈ ಸಲ ಸಿಕ್ಕಿದ್ದು 'ಲೇತ್'. "ಅಜ್ಜನ ಶೆಡ್ಡು ನೆನಪಿದೆಯೇ? ಮೂರನೆಯ ರೈಲ್ವೆ ಗೇಟಿನಲ್ಲಿ ಸೈಕಲ್ ನಿಲ್ಲಿಸಿಕೊಂಡು ಬುತ್ತಿ ಒಯ್ಯುತ್ತಿದ್ದೆವು. ಗೇಟು ತೆರೆಯುವ ಹೊತ್ತಿಗೆ ಪಲ್ಯ ತಣ್ಣಗಾಗಿರುತ್ತಿತ್ತು. ಬೀಡುಕಬ್ಬಿಣ ಕಡೆಯುವ ದಿನ ಅಜ್ಜನ ಮೂಗಿನ ಹೊಳ್ಳೆಗಳೂ ಕರ್ರಗೆ." ಅದಕ್ಕೆ ಒಂಬತ್ತು ಹೃದಯಗಳು ಬಿದ್ದವು. ಬುತ್ತಿಯಲ್ಲಿದ್ದದ್ದು ಬದನೆಕಾಯಿಯೋ ಜುಣಕವೋ ಎಂದು ಅತ್ತೆಯರಿಬ್ಬರ ನಡುವೆ ಬೇರೆಯೇ ವಾದ ಹುಟ್ಟಿತು.

ನೆನಪು ತೆಗೆದರೆ ಅದರ ಹಿಂದೆ ಬಾಕಿಯೂ ಬರುತ್ತದೆ. ಖಾನಾಪುರದ ವೈನಿ ಬರೆದರು: "ಅಜ್ಜನ ಲೇತನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದವರೇ ಈಗ ಪೂರ್ವಜರ ವಿದ್ಯೆಯ ಪಾಠ ಹೇಳುತ್ತಿದ್ದಾರೆ. ನಮ್ಮ ಯಜಮಾನರು ಆ ದರ ತಾವೇ ಕೊಡುತ್ತೇನೆ ಎಂದಿದ್ದರು."

ದೊಡ್ಡಪ್ಪ: "ಅಂದು ಯಾರೂ ಬಾಯಿ ಬಿಡಲಿಲ್ಲ."

ವೈನಿ: "ಬಿಟ್ಟಿದ್ದೆವು. ನಿಮಗೆ ಕೇಳಿಸಲಿಲ್ಲ. ಅಜ್ಜ ಕೆಲಸದ ತುಂಡನ್ನು ಬಿಗಿಹಿಡಿಯಲು ಬಳಸುತ್ತಿದ್ದ ವೈಸ್ ಕೂಡ ನಿಮ್ಮ ಮನೆಯ ಹಿತ್ತಲ ಬಾಗಿಲಿಗೆ ಅಡ್ಡವಾಗಿ ಕುಳಿತಿದೆ. ದೀಪಾವಳಿಗೆ ಬಂದಾಗ ನನ್ನ ಕಾಲ್ಬೆರಳಿಗೆ ತಾಗಿ ಗೊತ್ತಾಯಿತು."

ಈ ಗದ್ದಲದ ಮಧ್ಯೆ ಅಪ್ಪ ನಾಲ್ಕು ನಿಮಿಷದ ಧ್ವನಿ ಸಂದೇಶ ಹಾಕಿದ್ದರು. ಅವರು ಬರೆಯುವವರಲ್ಲ, ಕೈಗೆ ಸದಾ ಎಣ್ಣೆ. ಹಿನ್ನೆಲೆಯಲ್ಲಿ ಗ್ರೈಂಡರ್ ಕಿರುಚುವ ನಾಲ್ಕು ನಿಮಿಷವನ್ನು ನಮ್ಮ ಗುಂಪಿನಲ್ಲಿ ಕೇಳುವವರು ಯಾರು? ಕೇಳಿದವಳು ನಾನೊಬ್ಬಳೇ. ಸಾಯಂಕಾಲ ಅದನ್ನು ಅಕ್ಷರಕ್ಕಿಳಿಸಿ ಹಾಕಿದೆ:

"ಸರಳು ಯಾವುದು ಎಂದು ಮೊದಲು ಹೇಳಿರಿ. ಎಂಎಸ್, ಅಂದರೆ ಮೈಲ್ಡ್ ಸ್ಟೀಲ್ ಸರಳಾದರೆ ಗಂಗಾಜಲದಲ್ಲಿ ಅದ್ದಿದರೂ ಟೂಲ್ ಆಗುವುದಿಲ್ಲ. ಅದರಲ್ಲಿ ಕಾರ್ಬನ್ ಶೇಕಡಾ 0.25ರ ಒಳಗೆ, ಗಟ್ಟಿಯಾಗಲು ಅದು ಸಾಲದು. ಮೂತ್ರದಲ್ಲಿ ಉಪ್ಪಿನ ಅಂಶವಿದೆ, ಉಪ್ಪುನೀರು ಸಾದಾ ನೀರಿಗಿಂತ ಬೇಗ ಶಾಖ ಎಳೆಯುತ್ತದೆ, ಅಷ್ಟು ಮಾತ್ರ ಒಪ್ಪುತ್ತೇನೆ. ಏಳು ಸಲ ಏಕೆ? ಬಯಲು ಬೆಂಕಿಯಲ್ಲಿ ಪ್ರತಿ ಸಲ ಕಾಯಿಸಿದಾಗಲೂ ಮೇಲೆ ಹೊಪ್ಪಳೆ ಏಳುತ್ತದೆ, ಇದ್ದಷ್ಟು ಕಾರ್ಬನ್ ಕೂಡ ಸುಟ್ಟುಹೋಗುತ್ತದೆ.

"ಎಂಎಸ್ ಅನ್ನೇ ಗಟ್ಟಿ ಮಾಡಬೇಕೆಂದರೆ ಕೇಸ್ ಹಾರ್ಡನಿಂಗ್ ಇದೆ. ಕಬ್ಬಿಣದ ಡಬ್ಬಿಯಲ್ಲಿ ಇದ್ದಿಲ ಪುಡಿ, ಸ್ವಲ್ಪ ಸೋಡಾ, ನಡುವೆ ಜಾಬ್, ಅಂದರೆ ಗಟ್ಟಿ ಮಾಡಬೇಕಾದ ತುಂಡು. ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಬೇಕು. 900 ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಇಟ್ಟರೆ ಮೇಲಿನ ತೊಗಲಿಗೆ ಕಾರ್ಬನ್ ಇಳಿಯುತ್ತದೆ. ಒಂದು ಮಿಲಿಮೀಟರ್ ಇಳಿಯಬೇಕಾದರೆ ಇಡೀ ದಿನದ ಪಾಳಿ ಬೇಕು. ಆಮೇಲೆ ಕೆಂಪಗಿರುವಾಗ ಅದ್ದಬೇಕು. ಮೇಲೆ ಗಟ್ಟಿ, ಒಳಗೆ ಮೆದು. ಗೇರ್, ಪಿನ್, ಗೇಜಿಗೆ ಇದೇ ಬೇಕು. ಲೇತ್ ಟೂಲಿಗೆ ಬೇಡ. ಮೊನೆ ಹೋದಾಗಲೆಲ್ಲ ಸಾಣೆಕಲ್ಲಿಗೆ ಹಿಡಿಯುತ್ತೀರಿ. ನಾಲ್ಕು ಸಲ ಹಿಡಿದರೆ ತೊಗಲು ಹೋಗಿ ಮೆದು ಕಬ್ಬಿಣ ಹೊರಗೆ ಬರುತ್ತದೆ.

"ಮನೆಯಲ್ಲೇ ಟೂಲ್ ಮಾಡುವ ಹಟವಿದ್ದರೆ ಹಳೆಯ ಅರ, ಅಂದರೆ ಲೋಹ ಉಜ್ಜುವ ಫೈಲ್, ತನ್ನಿರಿ. ಅದರಲ್ಲಿ ಕಾರ್ಬನ್ ಶೇಕಡಾ ಒಂದಕ್ಕಿಂತ ಹೆಚ್ಚು. ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದು ರಾತ್ರಿಯಿಡೀ ಬಿಡಿರಿ, ಮೆತ್ತಗಾಗುತ್ತದೆ. ಆಕಾರ ತೆಗೆಯಿರಿ. ಮತ್ತೆ ಕಾಯಿಸುವಾಗ ಅಯಸ್ಕಾಂತ ಹಿಡಿದು ನೋಡಿರಿ. 770 ಡಿಗ್ರಿಗೆ ಅಂಟುವುದು ನಿಲ್ಲುತ್ತದೆ. ಇನ್ನೊಂದು ಸ್ವಲ್ಪ ಕಾಯಿಸಿ ಅದ್ದಿರಿ. ಅಲ್ಲಿಗೇ ಬಿಟ್ಟರೆ ಕೈಯಿಂದ ಬಿದ್ದರೂ ಎರಡು ತುಂಡಾದೀತು. ಒಂದು ಬದಿಯನ್ನು ಉಜ್ಜಿ ಹೊಳಪು ಮಾಡಿ, ಹಿಂದಿನಿಂದ ಮೆಲ್ಲನೆ ಶಾಖ ಕೊಡಿರಿ. ಬಣ್ಣ ಓಡಿ ಬರುತ್ತದೆ. ಮೊನೆಗೆ ಒಣಹುಲ್ಲಿನ ಹಳದಿ ಮುಟ್ಟಿದ ಕೂಡಲೇ ನೀರು. ನೀಲಿಗೆ ಹೋಯಿತೋ, ಟೂಲ್ ಹೋಯಿತು. ಹಿತ್ತಾಳೆ ಕಡೆಯಲು ಸಾಕು. ಉಕ್ಕಿಗೆ ಹಾಕಿ ವೇಗ ಹೆಚ್ಚಿಸಿದರೆ ಮೊನೆ ತಾನೇ ಕಾದು ಹದ ಬಿಡುತ್ತದೆ. ಎಚ್‌ಎಸ್‌ಎಸ್ ಎಂಬ ಹೈಸ್ಪೀಡ್ ಸ್ಟೀಲ್ 600 ಡಿಗ್ರಿಯವರೆಗೆ ತಾಳುತ್ತದೆ, ಅದಕ್ಕೇ ಕೊಳ್ಳುತ್ತೇನೆ. ಮತ್ತೆ, ಬೇಗ ಗಟ್ಟಿಯಾಗುತ್ತದೆ ಎಂದು ಯಾರಾದರೂ ಸಯನೈಡ್ ಪುಡಿಯ ಮಾತೆತ್ತಿದರೆ, ಅವರನ್ನು ಶೆಡ್ಡಿನ ಹೊರಗೆ ನಿಲ್ಲಿಸಿರಿ."

ಇಷ್ಟುದ್ದ ಬರೆದು ಹಾಕಿದ ಮೇಲೆ ಬಂದ ಮೊದಲ ಉತ್ತರ ಅತ್ತೆಯದು: "ಜುಣಕವೇ. ನನಗೆ ಚೆನ್ನಾಗಿ ನೆನಪಿದೆ."

ದೊಡ್ಡಪ್ಪ ಕೈಮುಗಿದ ಚಿತ್ರ ಹಾಕಿದರು. ಒಪ್ಪಿಗೆಯೋ, ಇನ್ನು ಸಾಕು ಎಂದೋ, ಅವರ ಕೈಮುಗಿತದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಆಮೇಲೆ, "ಕುಡಗೋಲಿಗಾದರೂ ಗೋಮೂತ್ರ ನಡೆಯುತ್ತದೆ, ನಮ್ಮೂರ ಕಮ್ಮಾರ ಹೇಳಿದ್ದ," ಎಂದು ಸೇರಿಸಿದರು. ಅದನ್ನು ಅಪ್ಪನೂ ತಳ್ಳಿಹಾಕಲಿಲ್ಲ: "ಕುಡಗೋಲಿನ ಕಬ್ಬಿಣದಲ್ಲಿ ಕಾರ್ಬನ್ ಇದ್ದರೆ ನೀರಿನಲ್ಲಿಯೂ ನಡೆಯುತ್ತದೆ, ಅಣ್ಣಾ."

ಹುಬ್ಬಳ್ಳಿಯ ಅಣ್ಣ ಎಲ್ಲವನ್ನೂ ಓದಿದ. ಓದಿ ಬರೆದ: "ಕಾಕಾ, ಮಾಹಿತಿ ಚೆನ್ನಾಗಿದೆ. ಇದಕ್ಕೆ ಆಧಾರ?"

ನಲವತ್ತು ವರ್ಷ ಲೇತಿನ ಮುಂದೆ ನಿಂತ ಮನುಷ್ಯನಿಗೆ ಕೇಳುವ ಪ್ರಶ್ನೆಯೇ ಇದು? ನನಗೆ ಸಿಟ್ಟು ಬಂತು. ಅಪ್ಪ ನಕ್ಕು ಫೋನನ್ನು ಬಾಯಿಯ ಹತ್ತಿರ ಹಿಡಿದರು: "ರವಿವಾರ ಶೆಡ್ಡಿಗೆ ಬಾ ತಮ್ಮಾ. ಬರುವಾಗ ಒಂದು ಹಳೆಯ ಅರ ತಾ."

ಈ ಸಂದೇಶ ಆರೇ ಸೆಕೆಂಡಿನದು, ಆದ್ದರಿಂದ ಎಲ್ಲರೂ ಕೇಳಿದರು. ವೈನಿ ತಕ್ಷಣ ಬರೆದರು: "ಅರ ತಂದರೆ ಸಾಲದು ಕಾಕಾ, ಅದನ್ನು ಹಿಡಿಯಲು ವೈಸ್ ಬೇಕು. ಗೋಕಾಕದಿಂದ ಬರುವ ಯಾರಾದರೂ ತರಬಹುದು."