ಗೋಡೆಗೂ ಪಟ್ಟಿ, ಗಾಯಕ್ಕೂ ಪಟ್ಟಿ?

ಮಡಿಕೇರಿಯ ನಮ್ಮ ಮನೆಯ ಹಿಂಗೋಡೆ ಮಳೆಗಾಲ ಮುಗಿಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತ್ತು. ಉಗುರು ತೂರುವಷ್ಟು ಅಗಲ. ಪೇಂಟಿನವರು ನೋಡಿ, "ಇದಕ್ಕೆ ಸುಮ್ನೆ ಪಟ್ಟಿ ಹೊಡೆದ್ರೆ ನಿಲ್ಲಲ್ಲ, ಬಿಡಿಸಿ ತುಂಬಬೇಕು" ಅಂದರು.

ಈ 'ಪಟ್ಟಿ' ಗಾಯಕ್ಕೆ ಕಟ್ಟುವ ಪಟ್ಟಿಯೇ ಎಂದು ನಾನು ಬಹಳ ಕಾಲ ನಂಬಿದ್ದೆ. ಗೋಡೆಗೂ ಗಾಯ ತಾನೆ! ಆದರೆ ಎರಡಕ್ಕೂ ನಂಟಿಲ್ಲ. ಗಾಯದ ಪಟ್ಟಿ ಸಂಸ್ಕೃತದ 'ಪಟ್ಟ'ದ ಕಡೆಯದು. ಗೋಡೆಯದು ಇಂಗ್ಲಿಷಿನ ಪುಟ್ಟಿ (putty). ಅದೂ ಫ್ರೆಂಚಿನ 'ಪೊತೇ'ಯಿಂದ ಬಂದದ್ದು, ಅಂದರೆ ಒಂದು ಮಡಕೆಯಷ್ಟು. ಹಿಂದೆ ಕಿಟಕಿ ಗಾಜು ಕೂರಿಸಲು ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದುತ್ತಿದ್ದದ್ದೂ ಇದೇ ಹೆಸರಿನದು. ಈಗಿನ ಗೋಡೆಪಟ್ಟಿ ಹೆಚ್ಚಾಗಿ ಬಿಳಿ ಸಿಮೆಂಟಿನ ಪುಡಿ. ತೆಳುವಾಗಿ ಎಳೆಯಲು ಸರಿ, ಆಳದ ಬಿರುಕಿಗೆ ಆಗದು.

'ಬಿಡಿಸು' ಕೇಳಿ ಖುಷಿಯಾಯಿತು. ಹಲಸಿನ ಹಣ್ಣು ಬಿಡಿಸುತ್ತೇವಲ್ಲ, ಅದೇ. ಉಳಿ ಹಿಡಿದು ಬಿರುಕಿನ ಬಾಯನ್ನು ಇನ್ನೂ ಅಗಲ ಮಾಡಿದರು. ಸಡಿಲವಾದದ್ದೆಲ್ಲ ಉದುರಿತು. ಬ್ರಶ್ಶಿನಿಂದ ಧೂಳು ತೆಗೆದು, ನೀರು ಚಿಮುಕಿಸಿ, ಆಮೇಲೆ ಬಿರುಕು ತುಂಬುವ ಮುದ್ದೆಯನ್ನು (ಇಂಗ್ಲಿಷಿನಲ್ಲಿ ಕ್ರ್ಯಾಕ್ ಫಿಲ್ಲರ್) ಒಳಗೆ ಒತ್ತಿ ತುಂಬಿದರು. ಮುಚ್ಚುವ ಮೊದಲು ತೆರೆಯಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.

'ಬಿರುಕು' ಹುಟ್ಟಿದ್ದು 'ಬಿರಿ'ಯಿಂದ. ಗೋಡೆ ಬಿರಿದರೆ ಬಿರುಕು, ಹೂಮಳೆ ಬಿದ್ದು ಕಾಫಿ ಮೊಗ್ಗು ಬಿರಿದರೆ ತೋಟವೆಲ್ಲ ಘಮ. ಒಂದೇ ಕ್ರಿಯಾಪದ, ನೋಡಿ.

ಈಗ ನನ್ನ ಪ್ರಶ್ನೆ. ಈ ತುಂಬುವ ವಸ್ತುವಿಗೆ ಕನ್ನಡದಲ್ಲಿ ಏನನ್ನಬೇಕು? 'ಗಿಲಾವು' ಎನ್ನೋಣವೆಂದರೆ ಅದು ಇಡೀ ಗೋಡೆಗೆ ಬಳಿಯುವುದು. ಅದರೊಳಗಿನ 'ಗಿಲ್' ಪಾರಸಿಯ ಮಣ್ಣು. 'ಗಾರೆ' ಎಂದರೆ ಸುಣ್ಣ ಮರಳಿನ ಜೋಡಿ ನೆನಪಾಗುತ್ತದೆ. 'ತೇಪೆ' ಮೇಲೆ ಕೂರುತ್ತದೆ, ಒಳಗೆ ಹೋಗುವುದಿಲ್ಲ. 'ಮೆತ್ತು' ಚೆನ್ನಾಗಿದೆ, ಆದರೆ ಅದು ಕೈಯ ಕೆಲಸ, ವಸ್ತುವಿನ ಹೆಸರಲ್ಲ. ದಯವಿಟ್ಟು 'ಬಿರುಕುಪೂರಕ' ಮಾತ್ರ ಬೇಡ. ಅದನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುವ ಧೈರ್ಯ ನನಗಿಲ್ಲ.

ಮಣ್ಣುಗೋಡೆಯ ಮನೆಗಳಲ್ಲಿ ಮಣ್ಣು, ಸಗಣಿ ಕಲಸಿ ಸಂದಿಗೆ ಮೆತ್ತುತ್ತಿದ್ದರು ಅಲ್ವಾ, ಆ ಕಲಸಿದ ಮುದ್ದೆಯನ್ನು ನಿಮ್ಮ ಮನೆಯ ಹಿರಿಯರು ಏನೆಂದು ಕರೆಯುತ್ತಿದ್ದರು?