ಅಪ್‌ಡೇಟ್: ನಮ್ಮ ಗೆಕ್ಕೊ ಕೊನೆಗೂ ಬಾಯಿ ತೆರೆಯಿತು

ಹೋದ ವಾರ ಕೇಳಿದ್ದೆನಲ್ಲ, ನಮ್ಮ ಲೆಪರ್ಡ್ ಗೆಕ್ಕೊ (ಸಾಕುವ ಒಂದು ಬಗೆಯ ಹಲ್ಲಿ) ವ್ಯಾಕ್ಸ್‌ವರ್ಮ್ (ಮೇಣದ ಪತಂಗದ ಮರಿಹುಳು) ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ ಅಂತ? ಈಗ ತಿನ್ನುತ್ತಿದೆ!

ಎರಡು ದಿನ ಏನೂ ಕೊಡದೆ ಉಪವಾಸ ಇಟ್ಟು ನೋಡಿದೆ, ಜಗ್ಗಲಿಲ್ಲ. ಮೀಲ್‌ವರ್ಮ್‌ಗೂ (ಒಂದು ಬಗೆಯ ದುಂಬಿಯ ಮರಿಹುಳು) ಮುಖ ತಿರುಗಿಸಿತು. ಗೆದ್ದದ್ದು ಡುಬಿಯಾ ಅನ್ನೋ ಜಾತಿಯ ಜಿರಲೆ. ಚಿಮಟದಲ್ಲಿ ಹಿಡಿದು ಮೂತಿ ಮುಂದೆ ಮೆಲ್ಲಗೆ ಅಲ್ಲಾಡಿಸಿದೆ. ಬಾಲದ ತುದಿ ಪಟಪಟ ನಡುಗಿತು, ಆಮೇಲೆ ಒಂದೇ ಸಲಕ್ಕೆ ಗುಳುಂ! ಈ ಉಪಾಯ ಹೇಳಿದವರಿಗೆ ಥ್ಯಾಂಕ್ಸ್.

ಗೊತ್ತಿಲ್ಲದ ಸಂಗತಿ: ಹುಳು ಗೆಕ್ಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಅಗಲ ಇರಬಾರದಂತೆ. ನಾನು ಮೊದಲು ಹಾಕಿದ್ದ ಕ್ರಿಕೆಟ್ ಹುಳುಗಳು (ಮಿಡತೆಯಂಥ ಕೀಟ) ದೊಡ್ಡವೇ. ಸಾಲದ್ದಕ್ಕೆ, ರಾತ್ರಿ ಗೂಡಿನೊಳಗೇ ಉಳಿದರೆ ಅವೇ ಗೆಕ್ಕೊವನ್ನು ಕಚ್ಚಬಹುದಂತೆ! ಡುಬಿಯಾ ನುಣುಪಾದ ಬಟ್ಟಲು ಹತ್ತಲ್ಲ, ಅದೇ ನೆಮ್ಮದಿ. ಕ್ಯಾಲ್ಸಿಯಂ ಪುಡಿ ಹಚ್ಚಿಯೇ ಕೊಡುತ್ತಿದ್ದೇನೆ. ವ್ಯಾಕ್ಸ್‌ವರ್ಮ್‌ನಲ್ಲಿ ಕೊಬ್ಬು ಜಾಸ್ತಿ ಅಲ್ವಾ, ಇನ್ನು ಅಪರೂಪಕ್ಕೊಂದು ಅಷ್ಟೇ.